ವೈರಸ್ ಹೋದ ಮೇಲೂ ನಿಲ್ಲದ ಕಾಳಗ

ಮಳೆಗಾಲ ಹಿಡಿದುಕೊಂಡಿತೆಂದರೆ ಕುಮಟಾ ಪಕ್ಕದ ಹೊಳನಗದ್ದೆಯಂಥ ಕಡಲಂಚಿನ ಊರುಗಳಲ್ಲಿ ಥಂಡಿ-ಕೆಮ್ಮು ಮನೆಯಿಂದ ಮನೆಗೆ ಸುತ್ತತೊಡಗುತ್ತದೆ. ಶಾಲೆಗೆ ಹೋಗುವ ಮಗುವಿಗೆ ಮೊದಲು ಮೂಗು ಸೋರುತ್ತದೆ, ನಾಲ್ಕು ದಿನದಲ್ಲಿ ಅಜ್ಜಿಗೂ ಕೆಮ್ಮು. ಶುಂಠಿ, ಕಾಳುಮೆಣಸು ಹಾಕಿದ ಕಷಾಯ, ಎರಡು ದಿನ ಪ್ಯಾರಾಸಿಟಮಾಲ್ ಮಾತ್ರೆ. ಅಷ್ಟರಲ್ಲಿ ಹೆಚ್ಚಿನವರು ಎದ್ದು ತಮ್ಮ ತಮ್ಮ ಕೆಲಸಕ್ಕೆ ಹೊರಡುತ್ತಾರೆ. ಆದರೆ ಅದೇ ಮನೆಯಲ್ಲಿ, ಅದೇ ವೈರಸ್‌ನಿಂದ ಒಬ್ಬರಿಗೆ ಮಾತ್ರ ನ್ಯುಮೋನಿಯಾ ಆಗಿ ಮಣಿಪಾಲದ ದಾರಿ ಹಿಡಿಯಬೇಕಾಗುವುದುಂಟು. ಇನ್ನೂ ಅಪರೂಪಕ್ಕೆ, ಜ್ವರ ಬಿಟ್ಟು ಒಂದೆರಡು ತಿಂಗಳಾದ ಮೇಲೆ ಬೆರಳ ಸಂದುಗಳು ಊದಿಕೊಳ್ಳುತ್ತವೆ, ಕೆನ್ನೆಯ ಮೇಲೆ ಕೆಂಪು ಏಳುತ್ತದೆ, ಮಗುವಿನ ರಕ್ತದಲ್ಲಿ ಸಕ್ಕರೆ ಏರುತ್ತದೆ. “ಆ ಜ್ವರ ಬಂದಾಗಿನಿಂದ ಹೀಗಾಯ್ತು” ಎಂದು ಮನೆಯವರು ಹೇಳುವ ಮಾತನ್ನು ಬಹುಕಾಲ ಕಾಕತಾಳೀಯ ಎಂದೇ ಬಗೆಯಲಾಗಿತ್ತು. ಈಗ ಹಾಗೆ ತಳ್ಳಿಹಾಕುವಂತಿಲ್ಲ. ಉಸಿರಾಟದ ದಾರಿಯಲ್ಲಿ ಬರುವ ವೈರಸ್‌ಗಳಿಗೂ ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ‘ಆಟೋಇಮ್ಯೂನ್’ ಕಾಯಿಲೆಗಳಿಗೂ ನಮ್ಮ ವಂಶವಾಹಿಗಳ ಮಟ್ಟದಲ್ಲೇ ನಂಟಿದೆ ಎಂಬುದು ಕಳೆದ ಹದಿನೈದು ವರ್ಷಗಳ ಸಂಶೋಧನೆಯಿಂದ ಬಯಲಾಗಿದೆ.

ಈ ನಂಟನ್ನು ಎಲ್ಲರ ಕಣ್ಣಮುಂದೆ ತಂದಿಟ್ಟದ್ದು ಕೋವಿಡ್. 2020ರ ಮಾರ್ಚ್ ಕೊನೆಯ ವಾರ ಉತ್ತರ ಕನ್ನಡದ ಮೊದಲ ಪ್ರಕರಣಗಳು ಕಂಡದ್ದು ಭಟ್ಕಳದಲ್ಲಿ, ದುಬೈಯಿಂದ ಊರಿಗೆ ಮರಳಿದವರಲ್ಲಿ. ಕಾರವಾರದ ನೌಕಾಪಡೆಯ ಆಸ್ಪತ್ರೆ ಐಎನ್‌ಎಚ್‌ಎಸ್ ಪತಂಜಲಿಯಲ್ಲಿ ಅವರಿಗೆ ಚಿಕಿತ್ಸೆ ನಡೆಯಿತು. ಅದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ 12ರಂದು, ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ದೃಢಪಟ್ಟಿತ್ತು. ಮುಂದಿನ ತಿಂಗಳುಗಳಲ್ಲಿ ಪ್ರತಿ ಊರಿನಲ್ಲೂ ಒಂದೇ ಒಗಟು. ಒಂದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ ಕೂತು ಉಂಡವರಲ್ಲಿ ಒಬ್ಬರಿಗೆ ಏನೂ ಇಲ್ಲ, ಇನ್ನೊಬ್ಬರಿಗೆ ವೆಂಟಿಲೇಟರ್. ವಯಸ್ಸು, ಸಕ್ಕರೆ ಕಾಯಿಲೆ, ಬೊಜ್ಜು ಇವೆಲ್ಲ ಅರ್ಧ ಉತ್ತರ ಕೊಟ್ಟವು. ಯಾವ ಕಾಯಿಲೆಯೂ ಇಲ್ಲದ ಗಟ್ಟಿಮುಟ್ಟು ಯುವಕರು ಕುಸಿದದ್ದೇಕೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿರಲಿಲ್ಲ.

ಆ ಉತ್ತರದ ಮೊದಲ ಎಳೆ ಸಿಕ್ಕಿದ್ದು ನೆದರ್ಲೆಂಡ್ಸ್‌ನಲ್ಲಿ. 2020ರ ಬೇಸಗೆಯಲ್ಲಿ ಅಲ್ಲಿನ ಎರಡು ಕುಟುಂಬಗಳಿಂದ ಇಬ್ಬಿಬ್ಬರಂತೆ ನಾಲ್ವರು ಯುವಕರು ತೀವ್ರ ನಿಗಾ ಘಟಕ ಸೇರಿದರು. ಎಲ್ಲರೂ 35 ವರ್ಷದೊಳಗಿನವರು, ಅಲ್ಲಿಯವರೆಗೆ ಆರೋಗ್ಯವಾಗಿದ್ದವರು, ಪ್ರತಿ ಜೋಡಿಯೂ ಅಣ್ಣತಮ್ಮಂದಿರದು. ನಾಲ್ವರಿಗೂ ವೆಂಟಿಲೇಟರ್ ಬೇಕಾಯಿತು, ಒಬ್ಬ ತೀರಿಹೋದ. ಅಣ್ಣತಮ್ಮಂದಿರಿಬ್ಬರಿಗೂ ಹೀಗಾಗಬೇಕಾದರೆ ರಕ್ತದಲ್ಲೇ ಏನೋ ಇರಬೇಕೆಂದು ವೈದ್ಯರು ಅವರ ವಂಶವಾಹಿಗಳನ್ನೆಲ್ಲ ಓದಿ ನೋಡಿದರು. ಎರಡೂ ಕುಟುಂಬಗಳಲ್ಲಿ ಕೆಟ್ಟಿದ್ದದ್ದು ಒಂದೇ ವಂಶವಾಹಿ. ಅದರ ಹೆಸರು ಟಿಎಲ್ಆರ್7.

ಇದು ಏನು ಮಾಡುತ್ತದೆ ಎಂಬುದನ್ನು ಕೊಂಚ ಹತ್ತಿರದಿಂದ ನೋಡಬೇಕು. ಫ್ಲೂ, ಕೊರೊನಾ, ಆರ್‌ಎಸ್‌ವಿ, ಸಾಮಾನ್ಯ ನೆಗಡಿಯ ರೈನೋವೈರಸ್ ಇವೆಲ್ಲವುಗಳ ಒಡಲಲ್ಲಿರುವುದು ಆರ್‌ಎನ್‌ಎ ಎಂಬ ಒಂಟಿ ಎಳೆ. ನಮ್ಮ ರಕ್ಷಣಾ ಕೋಶಗಳು ವೈರಸ್ಸನ್ನು ನುಂಗಿದಾಗ ಅದು ಕೋಶದೊಳಗಿನ ಒಂದು ಚಿಕ್ಕ ಚೀಲದಲ್ಲಿ ಸೇರುತ್ತದೆ. ಟಿಎಲ್ಆರ್7 ವಂಶವಾಹಿ ತಯಾರಿಸುವ ಪ್ರೋಟೀನು ಆ ಚೀಲದ ಗೋಡೆಯಲ್ಲಿ ಕೂತಿರುತ್ತದೆ. ಆರ್‌ಎನ್‌ಎ ಚೂರು ಅದಕ್ಕೆ ತಗುಲಿದ ಕೂಡಲೇ ಅದು ಕೋಶದ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ, ಕೋಶ ಇಂಟರ್‌ಫೆರಾನ್ ಸುರಿಸತೊಡಗುತ್ತದೆ. ಇಂಟರ್‌ಫೆರಾನ್ ಪತ್ತೆಯಾದದ್ದೂ ಉಸಿರಾಟದ ವೈರಸ್‌ನ ಮೇಲಿನ ಪ್ರಯೋಗದಲ್ಲೇ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯ ಪೊರೆಯ ಮೇಲೆ ಫ್ಲೂ ವೈರಸ್ ಇಟ್ಟು ನೋಡುತ್ತಿದ್ದಾಗ, ಒಮ್ಮೆ ವೈರಸ್ ತಾಗಿದ ಪೊರೆ ಎರಡನೆಯ ವೈರಸ್ಸನ್ನು ಬೆಳೆಯಗೊಡದಂಥ ಯಾವುದೋ ವಸ್ತುವನ್ನು ಹೊರಬಿಡುವುದು ಕಂಡಿತು. ಸುತ್ತಲಿನ ಕೋಶಗಳಿಗೆ ‘ಬಾಗಿಲು ಹಾಕಿಕೊಳ್ಳಿ’ ಎಂದು ಮೊದಲು ಸೂಚನೆ ಕೊಡುವ ವಸ್ತು ಇದು. ನೆದರ್ಲೆಂಡ್ಸ್‌ನ ಆ ಯುವಕರಲ್ಲಿ ಈ ಸೂಚನೆ ಹೋಗಬೇಕಾದ ಹೊತ್ತಿಗೆ ಹೋಗಲಿಲ್ಲ. ಅಷ್ಟರಲ್ಲಿ ವೈರಸ್ ಶ್ವಾಸಕೋಶ ತುಂಬಿತ್ತು.

ಈ ವಂಶವಾಹಿ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಸರಿಗೆ ಎಕ್ಸ್ ಒಂದೇ. ಅದು ಕೆಟ್ಟರೆ ಬದಲಿಗೆ ಇನ್ನೊಂದಿಲ್ಲ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ, ಕೋವಿಡ್‌ನಿಂದ ಪ್ರಾಣಾಪಾಯಕ್ಕೆ ಸಿಲುಕಿದ 60 ವರ್ಷದೊಳಗಿನ ಗಂಡಸರಲ್ಲಿ ನೂರಕ್ಕೆ ಒಬ್ಬರಷ್ಟು ಮಂದಿಯಲ್ಲಿ ಇದೇ ದೋಷ ಕಂಡುಬಂತು.

ಇನ್ನು ಇದೇ ವಂಶವಾಹಿಯ ಮತ್ತೊಂದು ಕಥೆ. ಸ್ಪೇನಿನ ಒಬ್ಬ ಬಾಲಕಿಗೆ ಏಳನೆಯ ವಯಸ್ಸಿನಲ್ಲೇ ಲೂಪಸ್ ಇರುವುದು ಗೊತ್ತಾಯಿತು. ಲೂಪಸ್ ಎಂದರೆ ರಕ್ಷಣಾ ವ್ಯವಸ್ಥೆ ತನ್ನದೇ ಚರ್ಮ, ಕೀಲು, ಮೂತ್ರಪಿಂಡ, ರಕ್ತಕಣಗಳ ಮೇಲೆ ದಾಳಿ ಮಾಡುವ ಕಾಯಿಲೆ. ಸಾಮಾನ್ಯವಾಗಿ ಹರೆಯದ ಹೆಣ್ಣುಮಕ್ಕಳಲ್ಲಿ ಕಾಣಿಸುವ ಇದು ಇಷ್ಟು ಎಳೆಯ ವಯಸ್ಸಿನಲ್ಲಿ ಬಂದದ್ದೇಕೆ ಎಂದು ಹುಡುಕಿದಾಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಕೆಲಸ ಶುರುಮಾಡಿದ ಕರೋಲಾ ವಿನುಯೆಸಾ ಅವರ ತಂಡಕ್ಕೆ ಸಿಕ್ಕಿದ್ದು ಟಿಎಲ್ಆರ್7ನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಇಲ್ಲಿ ಪ್ರೋಟೀನು ಕೆಟ್ಟಿರಲಿಲ್ಲ, ಅತಿ ಚುರುಕಾಗಿತ್ತು. ವೈರಸ್‌ನ ಆರ್‌ಎನ್‌ಎಗೆ ಮಾತ್ರ ಓಗೊಡಬೇಕಾದದ್ದು ದೇಹದ ಸ್ವಂತ ಆರ್‌ಎನ್‌ಎ ತುಣುಕುಗಳಿಗೂ ಎಚ್ಚರಗೊಳ್ಳುತ್ತಿತ್ತು. ಅದೇ ಬದಲಾವಣೆಯನ್ನು ಇಲಿಗಳಲ್ಲಿ ಮಾಡಿದಾಗ ಅವುಗಳಿಗೂ ಲೂಪಸ್ ಬಂತು. 2022ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಲೂಪಸ್ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಒಂಬತ್ತು ಪಟ್ಟು ಹೆಚ್ಚು ಏಕೆ ಎಂಬ ಹಳೆಯ ಪ್ರಶ್ನೆಗೂ ಇಲ್ಲಿ ಸುಳಿವಿದೆ. ಹೆಂಗಸರಿಗೆ ಎಕ್ಸ್ ಎರಡು. ಅವುಗಳಲ್ಲೊಂದು ಪ್ರತಿ ಕೋಶದಲ್ಲೂ ಮುಚ್ಚಿಕೊಳ್ಳುವುದು ವಾಡಿಕೆ. ಆದರೆ ಟಿಎಲ್ಆರ್7 ಕೆಲವು ಕೋಶಗಳಲ್ಲಿ ಆ ಮುಚ್ಚುವಿಕೆಯನ್ನು ತಪ್ಪಿಸಿಕೊಂಡು ಎರಡೂ ಕಡೆಯಿಂದ ಕೆಲಸ ಮಾಡುತ್ತದೆ.

ಒಂದೇ ವಂಶವಾಹಿ. ಮಂಕಾದರೆ ಥಂಡಿ-ಜ್ವರವೇ ಪ್ರಾಣಕ್ಕೆ ಎರವು, ಅತಿ ಚುರುಕಾದರೆ ಲೂಪಸ್. ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಕಥೆಯನ್ನು ಇಲ್ಲೇ ನೆನಪಿಸಿಕೊಳ್ಳಬೇಕು. ಲೂಪಸ್ ಮತ್ತು ರುಮಟಾಯ್ಡ್ ಸಂಧಿವಾತ ಇರುವವರು ದಶಕಗಳಿಂದ ದಿನವೂ ನುಂಗುವ ಮಾತ್ರೆ ಇದು. ಟಿಎಲ್ಆರ್7 ಕೂತಿರುವ ಆ ಚಿಕ್ಕ ಚೀಲದೊಳಗಿನ ಆಮ್ಲದ ಪ್ರಮಾಣವನ್ನು ತಗ್ಗಿಸಿ, ಅದರ ಅತಿ ಚುರುಕುತನವನ್ನು ಇಳಿಸುವುದು ಇದರ ಕೆಲಸಗಳಲ್ಲೊಂದು. 2020ರ ಮಾರ್ಚ್‌ನಲ್ಲಿ ಕೋವಿಡ್ ರೋಗಿಗಳ ಆರೈಕೆಯಲ್ಲಿದ್ದ ಆರೋಗ್ಯ ಸಿಬ್ಬಂದಿಗೆ ಮುಂಜಾಗ್ರತೆಯಾಗಿ ಇದನ್ನು ಕೊಡಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಲಹೆ ಮಾಡಿತು. ಸುದ್ದಿ ಹಬ್ಬಿದ್ದೇ ತಡ, ಅಗತ್ಯವಿಲ್ಲದವರೂ ಔಷಧದ ಅಂಗಡಿಗೆ ಮುಗಿಬಿದ್ದರು. ನಿಜವಾಗಿ ಅದನ್ನೇ ನಂಬಿದ್ದ ಲೂಪಸ್ ರೋಗಿಗಳು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು. ಜೂನ್ ಹೊತ್ತಿಗೆ ಬ್ರಿಟನ್ನಿನ ‘ರಿಕವರಿ’ ಪ್ರಯೋಗ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಇದರಿಂದ ಲಾಭವಿಲ್ಲವೆಂದು ತೋರಿಸಿತು. ವಂಶವಾಹಿಯ ಲೆಕ್ಕದಲ್ಲಿ ನೋಡಿದರೆ ಇದರಲ್ಲಿ ಅಚ್ಚರಿಯಿಲ್ಲ. ವೈರಸ್ ಬಂದ ಮೊದಲ ದಿನಗಳಲ್ಲಿ ಎಚ್ಚರವಾಗಬೇಕಾದ ಕಾವಲನ್ನೇ ಮಂಕು ಮಾಡುವ ಮಾತ್ರೆಯಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿರಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ಪ್ಯಾರಿಸ್ ಮತ್ತು ನ್ಯೂಯಾರ್ಕಿನಲ್ಲಿ ಪ್ರಯೋಗಾಲಯ ಇರುವ ಜಾನ್-ಲೋರಾನ್ ಕಸನೋವಾ ಹಾಗೂ ಪಾಲ್ ಬಸ್ತಾರ್ ಅವರ ತಂಡ 2020ರಲ್ಲಿ ಪ್ರಾಣಾಪಾಯದ ಹಂತ ತಲಪಿದ 987 ಕೋವಿಡ್ ರೋಗಿಗಳ ರಕ್ತ ಪರೀಕ್ಷಿಸಿತು. ಅವರಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನ್ ಮೇಲೆ ದಾಳಿ ಮಾಡುವ ಪ್ರತಿಕಾಯಗಳಿದ್ದವು. ಲಕ್ಷಣವಿಲ್ಲದ ಅಥವಾ ಸೌಮ್ಯ ಸೋಂಕಿನ 663 ಮಂದಿಯಲ್ಲಿ ಒಬ್ಬರಲ್ಲೂ ಇರಲಿಲ್ಲ. ಆ 101ರಲ್ಲಿ 95 ಮಂದಿ ಗಂಡಸರು. ಅಂದರೆ ಇವರಿಗೆ ಗೊತ್ತೇ ಆಗದಂತೆ ಒಂದು ಬಗೆಯ ಆಟೋಇಮ್ಯೂನ್ ಸ್ಥಿತಿ ಒಳಗೇ ಇತ್ತು. ದಿನನಿತ್ಯದ ಬದುಕಿಗೆ ಅದರಿಂದ ತೊಂದರೆಯಾಗಿರಲಿಲ್ಲ. ಹೊಸ ವೈರಸ್ ಬಂದಾಗ ಮಾತ್ರ ಮೊದಲ ಸೂಚನೆ ಕೊಡುವ ವಸ್ತುವನ್ನು ದೇಹವೇ ಹಿಡಿದು ಕಟ್ಟಿಹಾಕಿತು. ವಯಸ್ಸು ಎಪ್ಪತ್ತು ದಾಟಿದಂತೆ ಈ ಪ್ರತಿಕಾಯಗಳು ಹೆಚ್ಚುತ್ತವೆ. ಕೋವಿಡ್ ಸಾವುಗಳಲ್ಲಿ ಸುಮಾರು ಐದರಲ್ಲಿ ಒಂದರ ಹಿಂದೆ ಇವು ಇದ್ದವೆಂದು ಮರುವರ್ಷ ಅದೇ ತಂಡ ಲೆಕ್ಕ ಹಾಕಿತು. ತೀವ್ರ ಫ್ಲೂ ನ್ಯುಮೋನಿಯಾದಲ್ಲೂ ಇವೇ ಪ್ರತಿಕಾಯಗಳು ಕಂಡಿವೆ.

ಇಂಥ ಪ್ರತಿಕಾಯಗಳು ಹುಟ್ಟುವುದೇಕೆ? ಒಂದು ಕಾರಣ ಸ್ಪಷ್ಟವಾಗಿ ತಿಳಿದಿದೆ. ನಮ್ಮ ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ರಕ್ಷಣಾ ಕೋಶಗಳಿಗೆ ತನ್ನವರು ಯಾರು, ಹೊರಗಿನವರು ಯಾರು ಎಂಬ ಪಾಠ ನಡೆಯುತ್ತದೆ. ಆ ಪಾಠಕ್ಕೆ ಬೇಕಾದ ವಂಶವಾಹಿ ‘ಏರ್’. ತಂದೆ-ತಾಯಿ ಇಬ್ಬರಿಂದಲೂ ಇದರ ಕೆಟ್ಟ ಪ್ರತಿ ಬಂದ ಮಕ್ಕಳಲ್ಲಿ ಅನೇಕ ಗ್ರಂಥಿಗಳ ಮೇಲೆ ದೇಹ ದಾಳಿ ಮಾಡುತ್ತದೆ. ಅವರಲ್ಲಿ ಬಹುತೇಕ ಎಲ್ಲರಿಗೂ ಎಳವೆಯಿಂದಲೇ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯಗಳಿರುತ್ತವೆ, ಕೋವಿಡ್ ತಗುಲಿದಾಗ ಹೆಚ್ಚಿನವರು ಆಸ್ಪತ್ರೆ ಸೇರಬೇಕಾಯಿತು.

ನೆಗಡಿಯ ವಿಷಯಕ್ಕೆ ಬಂದರೆ ಐಎಫ್‌ಐಎಚ್1 ಎಂಬ ವಂಶವಾಹಿಯನ್ನು ಬಿಡುವಂತಿಲ್ಲ. ಇದೂ ವೈರಸ್‌ನ ಆರ್‌ಎನ್‌ಎ ಗುರುತಿಸುವುದೇ, ಆದರೆ ಕೋಶದ ಇನ್ನೊಂದು ಭಾಗದಲ್ಲಿ ಕೂತು. 2009ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಈ ವಂಶವಾಹಿ ಮಂಕಾಗುವಂಥ ಕೆಲವು ಅಪರೂಪದ ಬದಲಾವಣೆಗಳಿರುವವರಿಗೆ ಟೈಪ್-1 ಮಧುಮೇಹ ಬರುವ ಸಾಧ್ಯತೆ ಕಡಿಮೆ ಎಂದು ತೋರಿಸಿದರು. ಟೈಪ್-1 ಎಂದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ದೇಹವೇ ತನ್ನ ಇನ್ಸುಲಿನ್ ಕೋಶಗಳನ್ನು ನಾಶಮಾಡಿಕೊಳ್ಳುವ ಮಧುಮೇಹ. ಹಾಗಾದರೆ ಮಂಕಾದ ಐಎಫ್‌ಐಎಚ್1 ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಒಂದು ಪುಟ್ಟ ಮಗುವಿನ ವಿವರ ಪ್ರಕಟಿಸಿದರು. ಈ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದ ಆ ಮಗುವಿಗೆ, ಬೇರೆಯವರಿಗೆ ಮೂಗು ಸೋರಿ ಹೋಗುವ ರೈನೋವೈರಸ್ಸೇ ಮತ್ತೆ ಮತ್ತೆ ತೀವ್ರ ನಿಗಾ ಘಟಕದವರೆಗೆ ಒಯ್ಯುತ್ತಿತ್ತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಸಂಶೋಧಕರ ತಂಡವೂ ಉಸಿರಾಟದ ಸೋಂಕಿನಿಂದ ಗಂಭೀರವಾದ ಮಕ್ಕಳಲ್ಲಿ ಇದೇ ವಂಶವಾಹಿಯ ದೋಷ ಕಂಡುಹಿಡಿಯಿತು. ಇನ್ನೊಂದು ತುದಿಯಲ್ಲಿ, ಇದು ಅತಿ ಚುರುಕಾದ ಮಕ್ಕಳಲ್ಲಿ ವೈರಸ್ಸೇ ಇಲ್ಲದೆ ಮೆದುಳಿನ ಉರಿಯೂತ ಬರುತ್ತದೆ.

ಅಘನಾಶಿನಿಯ ಹಿನ್ನೀರಿನಲ್ಲಿ ಗಜನಿ ಗದ್ದೆ ಮಾಡುವವರಿಗೆ ಇದು ಬೇಗ ಅರ್ಥವಾದೀತು. ಬಂಡಿನ ಬಾಗಿಲು ಸಡಿಲವಾದರೆ ಉಬ್ಬರದ ಉಪ್ಪುನೀರು ಒಳನುಗ್ಗುತ್ತದೆ. ಬಿಗಿಯಾಗಿ ಮುಚ್ಚಿಕೊಂಡೇ ಇದ್ದರೆ ಒಳಗಿನ ಮಳೆನೀರು ಹೊರಹೋಗದೆ ಗದ್ದೆ ಮುಳುಗುತ್ತದೆ. ಮನುಷ್ಯನ ದೇಹದಲ್ಲಿ ಈ ಬಾಗಿಲನ್ನು ಎಷ್ಟು ಬಿಗಿ ಮಾಡಬೇಕೆಂಬುದನ್ನು ನೂರಾರು ವಂಶವಾಹಿಗಳು ಕೂಡಿ ನಿರ್ಧರಿಸುತ್ತವೆ. ಸೋಂಕು ರೋಗಗಳೇ ಸಾವಿಗೆ ಮುಖ್ಯ ಕಾರಣವಾಗಿದ್ದ ಸಾವಿರಾರು ವರ್ಷಗಳಲ್ಲಿ ಅತಿ ಎಚ್ಚರದ ವಂಶವಾಹಿ ಇದ್ದವರು ಬದುಕಿ ಉಳಿದಿರುವ ಸಾಧ್ಯತೆ ಹೆಚ್ಚು. ಇಂದು ಆಟೋಇಮ್ಯೂನ್ ಕಾಯಿಲೆಯಿಂದ ಬಳಲುವ ಅನೇಕರು ಹೊತ್ತಿರುವುದು, ಒಂದು ಅರ್ಥದಲ್ಲಿ, ಅವರ ಹಿರಿಯರನ್ನು ಉಳಿಸಿದ ಬಳುವಳಿಯನ್ನೇ.

ಟಿವೈಕೆ2 ಎಂಬ ವಂಶವಾಹಿಯಲ್ಲಿ ಇದಕ್ಕೆ ಪುರಾವೆ ಇದೆ. ಇಂಟರ್‌ಫೆರಾನ್ ತಂದ ಸುದ್ದಿಯನ್ನು ಕೋಶದೊಳಗೆ ಮುಂದಕ್ಕೆ ದಾಟಿಸುವುದು ಇದರ ಕೆಲಸ. ಇದನ್ನು ಮಂಕಾಗಿಸುವ ಒಂದು ಬದಲಾವಣೆ ಲೂಪಸ್, ಸಂಧಿವಾತ, ಸೋರಿಯಾಸಿಸ್ ಮೊದಲಾದ ಹಲವು ಆಟೋಇಮ್ಯೂನ್ ಕಾಯಿಲೆಗಳಿಂದ ಕಾಪಾಡುತ್ತದೆ. ಆದರೆ ಎರಡೂ ಪ್ರತಿ ಅದೇ ಆದವರಿಗೆ ಕ್ಷಯ ತಗುಲುವ ಅಪಾಯ ಹೆಚ್ಚು. 2020ರ ಡಿಸೆಂಬರಿನಲ್ಲಿ ಬ್ರಿಟನ್ನಿನ 208 ತೀವ್ರ ನಿಗಾ ಘಟಕಗಳ ಎರಡು ಸಾವಿರಕ್ಕೂ ಹೆಚ್ಚು ಕೋವಿಡ್ ರೋಗಿಗಳ ವಂಶವಾಹಿಗಳನ್ನು ಓದಿದ ಅಧ್ಯಯನದಲ್ಲಿ, ಟಿವೈಕೆ2 ಹೆಚ್ಚು ಚುರುಕಾಗಿದ್ದವರಿಗೇ ಕಾಯಿಲೆ ಬಿಗಡಾಯಿಸಿದ್ದು ಕಂಡಿತು. ಇದು ಮೊದಲು ಹೇಳಿದ್ದಕ್ಕೆ ವಿರುದ್ಧವಾಗಿ ತೋರಬಹುದು. ವಿಷಯ ಇರುವುದು ಕಾಲದಲ್ಲಿ. ಮೊದಲ ವಾರದಲ್ಲಿ ಇಂಟರ್‌ಫೆರಾನ್ ಕೊರತೆಯಾದರೆ ವೈರಸ್ ಬೆಳೆಯುತ್ತದೆ. ಎರಡನೆಯ ವಾರದಲ್ಲಿ ಉರಿಯೂತ ಹತೋಟಿ ಮೀರಿದರೆ ಶ್ವಾಸಕೋಶವನ್ನು ಕೆಡಿಸುವುದು ವೈರಸ್‌ಗಿಂತ ಹೆಚ್ಚಾಗಿ ದೇಹವೇ.

ಹಾಗಾಗಿಯೇ ಕೋವಿಡ್‌ನಲ್ಲಿ ಜೀವ ಉಳಿಸಿದ ಔಷಧಗಳಲ್ಲಿ ಹಲವು ಸಂಧಿವಾತದ ವೈದ್ಯರ ಕಪಾಟಿನಿಂದ ಬಂದವು. ಡೆಕ್ಸಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು ಇಳಿಸಿತು. ಟೊಸಿಲಿಜುಮಾಬ್, ಬ್ಯಾರಿಸಿಟಿನಿಬ್ ಎರಡೂ ರುಮಟಾಯ್ಡ್ ಸಂಧಿವಾತದ ಔಷಧಗಳೇ. ಬ್ಯಾರಿಸಿಟಿನಿಬ್ ಅಂತೂ ಟಿವೈಕೆ2 ಸೇರಿರುವ ಜಾಕ್ ಕುಟುಂಬದ ಪ್ರೋಟೀನುಗಳನ್ನೇ ತಡೆಯುತ್ತದೆ. ಎರಡು ಬೇರೆ ಬೇರೆ ವಿಭಾಗಗಳ ಕಾಯಿಲೆಗಳೆಂದು ನಾವು ಇಷ್ಟು ದಿನ ತಿಳಿದದ್ದು ಒಳಗೆ ಒಂದೇ ಯಂತ್ರದ ಗದ್ದಲ ಎಂಬುದಕ್ಕೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ಸಿಕ್ಕ ಸಾಕ್ಷಿ ಇದು.

ಇಲ್ಲಿಯವರೆಗೆ ಹೇಳಿದ್ದು ಒಂದೇ ವಂಶವಾಹಿ ಎರಡೂ ಕಡೆ ಕೈಯಾಡಿಸುವ ಬಗೆ. ಸೋಂಕೇ ಆಟೋಇಮ್ಯೂನ್ ಕಾಯಿಲೆಗೆ ಕಿಡಿ ಹೊತ್ತಿಸುವುದು ಇನ್ನೊಂದು ಬಗೆ. ಅಲ್ಲಿ ಮುಖ್ಯಪಾತ್ರ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪಿನದು. ವೈರಸ್‌ನ ಚೂರುಗಳನ್ನು ಕೋಶದ ಹೊರಮೈಯಲ್ಲಿ ಎತ್ತಿ ಹಿಡಿದು ರಕ್ಷಣಾ ಕೋಶಗಳಿಗೆ ತೋರಿಸುವ ಪ್ರೋಟೀನುಗಳು ಇವು. ಒಬ್ಬೊಬ್ಬರಲ್ಲಿ ಇವುಗಳ ಆಕಾರ ಒಂದೊಂದು. ಕೆಲವು ಆಕಾರಗಳು ಹಿಡಿದು ತೋರಿಸುವ ವೈರಸ್ ಚೂರು ನಮ್ಮದೇ ಪ್ರೋಟೀನಿನ ಚೂರಿನಂತೆ ಕಾಣುತ್ತದೆ. ವೈರಸ್ ಮೇಲೆ ಹೊರಟ ಕೋಶಗಳು ಆಗ ದಾರಿ ತಪ್ಪುತ್ತವೆ.

2009ರ ಹಂದಿಜ್ವರ ಹಲವರಿಗೆ ನೆನಪಿರಬಹುದು. ಆ ಎಚ್1ಎನ್1 ಫ್ಲೂ ಹಬ್ಬಿದ ಮರುವರ್ಷ ಚೀನಾದಲ್ಲಿ ನಾರ್ಕೊಲೆಪ್ಸಿ ಎಂಬ, ಹಗಲಲ್ಲೇ ತಡೆಯಲಾಗದ ನಿದ್ದೆ ಎರಗುವ ಕಾಯಿಲೆ ಮಕ್ಕಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿತು. ಅವರಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಫಿನ್‌ಲೆಂಡ್, ಸ್ವೀಡನ್‌ಗಳಲ್ಲಿ ಆಗ ಬಳಕೆಯಾದ ಪ್ಯಾಂಡೆಮ್ರಿಕ್ಸ್ ಎಂಬ ಒಂದು ನಿರ್ದಿಷ್ಟ ಲಸಿಕೆ ಪಡೆದ ಮಕ್ಕಳಲ್ಲೂ ಇದು ಹೆಚ್ಚಾಗಿ ಕಂಡಿತು. ಆ ಲಸಿಕೆ ಈಗ ಬಳಕೆಯಲ್ಲಿಲ್ಲ. ಎಚ್ಚರವನ್ನು ಕಾಯುವ ಮೆದುಳಿನ ಒಂದು ಸಣ್ಣ ಗುಂಪಿನ ನರಕೋಶಗಳು ಈ ಕಾಯಿಲೆಯಲ್ಲಿ ಅಳಿಯುತ್ತವೆ. ರೋಗಿಗಳಲ್ಲಿ ಬಹುತೇಕ ಎಲ್ಲರಲ್ಲೂ ಎಚ್‌ಎಲ್‌ಎಯ ಒಂದೇ ರೂಪ ಇರುವುದು ಗಮನಾರ್ಹ. ಆದರೆ ಅದೇ ರೂಪ ಯುರೋಪಿನ ಆರೋಗ್ಯವಂತರಲ್ಲೂ ನಾಲ್ಕೈದರಲ್ಲಿ ಒಬ್ಬರಿಗೆ ಇದೆ. ವಂಶವಾಹಿ ಇದ್ದರೆ ಸಾಲದು, ವೈರಸ್ ಬಂದರೂ ಸಾಲದು. ಎರಡೂ ಕೂಡಿ, ಜೊತೆಗೆ ನಮಗಿನ್ನೂ ತಿಳಿಯದ ಮೂರನೆಯದೊಂದು ಸೇರಿದಾಗ ಮಾತ್ರ ಕಾಯಿಲೆ.

ಕರಾವಳಿಯಲ್ಲೇ ಇದಕ್ಕೆ ಹತ್ತಿರದ ಅಧ್ಯಯನ ನಡೆದಿದೆ. ನರಗಳ ಮೇಲಿನ ಹೊದಿಕೆಯನ್ನು ದೇಹವೇ ಕಿತ್ತುಹಾಕುವ ಮಲ್ಟಿಪಲ್ ಸ್ಕ್ಲೆರೋಸಿಸ್ ಬಿಳಿಯರ ಕಾಯಿಲೆ, ನಮ್ಮಲ್ಲಿ ಅಪರೂಪ ಎಂಬ ನಂಬಿಕೆ ದಶಕಗಳ ಕಾಲ ಇತ್ತು. ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ನರರೋಗತಜ್ಞೆ ಡಾ. ಲೇಖಾ ಪಂಡಿತ್ ಅವರ ತಂಡ ಮಂಗಳೂರು ನಗರದಲ್ಲಿ ಎಣಿಸಿ, 2014ರಲ್ಲಿ ಲಕ್ಷಕ್ಕೆ ಸುಮಾರು ಎಂಟು ಮಂದಿ ಎಂದು ವರದಿ ಮಾಡಿತು. ಯುರೋಪಿಗೆ ಹೋಲಿಸಿದರೆ ಕಡಿಮೆ, ಆದರೆ ನಂಬಿದ್ದಕ್ಕಿಂತ ಬಹಳ ಹೆಚ್ಚು. ಅದೇ ತಂಡ ಭಾರತೀಯ ರೋಗಿಗಳಲ್ಲಿ ಎಚ್‌ಎಲ್‌ಎ ಪರೀಕ್ಷಿಸಿದಾಗ ಯುರೋಪಿನವರಲ್ಲಿ ಅಪಾಯ ಹೆಚ್ಚಿಸುವ ರೂಪವೇ ಇಲ್ಲೂ ಅಪಾಯಕಾರಿ ಎಂದು ಕಂಡಿತು. ಈ ಕಾಯಿಲೆಯ ವೈರಸ್ ನಂಟನ್ನು 2022ರಲ್ಲಿ ಹಾರ್ವರ್ಡ್ ಸಂಶೋಧಕರು ಒಂದು ಕೋಟಿಗೂ ಹೆಚ್ಚು ಅಮೆರಿಕನ್ ಸೈನಿಕರ ರಕ್ತದ ದಾಖಲೆಗಳಿಂದ ತೋರಿಸಿಕೊಟ್ಟರು. ಎಂಜಲಿನ ಮೂಲಕ ಗಂಟಲಿಗೆ ಇಳಿಯುವ ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬರುವ ಅಪಾಯ 32 ಪಟ್ಟು ಏರಿತ್ತು.

ಟೈಪ್-1 ಮಧುಮೇಹದಲ್ಲಿ ಉಸಿರಾಟದ ಸೋಂಕಿನ ಪಾತ್ರ ಇಷ್ಟು ಗಾಢವಲ್ಲ, ಆದರೂ ಕಡೆಗಣಿಸುವಂತಿಲ್ಲ. ಎಚ್‌ಎಲ್‌ಎ ನೋಡಿಯೇ ಆರಿಸಿದ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಗಮನಿಸಿದ ‘ಟೆಡ್ಡಿ’ ಅಧ್ಯಯನ ಅಮೆರಿಕ, ಫಿನ್‌ಲೆಂಡ್, ಜರ್ಮನಿ, ಸ್ವೀಡನ್‌ಗಳಲ್ಲಿ ನಡೆದಿದೆ. ಪದೇ ಪದೇ ಉಸಿರಾಟದ ಸೋಂಕು ಬಂದ ಮಕ್ಕಳಲ್ಲಿ ಇನ್ಸುಲಿನ್ ಕೋಶಗಳ ವಿರುದ್ಧ ಪ್ರತಿಕಾಯ ಮೂಡುವ ಸಾಧ್ಯತೆ ಸ್ವಲ್ಪ ಹೆಚ್ಚಿರುವುದನ್ನು ಅದು 2017ರಲ್ಲಿ ತೋರಿಸಿತು. ನಮ್ಮಲ್ಲಿ ಕರ್ನಾಟಕದ ಟೈಪ್-1 ಮಧುಮೇಹ ನೋಂದಣಿಯು 1995ರಿಂದ 13 ವರ್ಷ ಕಲೆಹಾಕಿದ ಮಾಹಿತಿಯಂತೆ ಲಕ್ಷ ಹುಡುಗರಲ್ಲಿ 3.7, ಹುಡುಗಿಯರಲ್ಲಿ 4 ಮಕ್ಕಳಿಗೆ ವರ್ಷಕ್ಕೆ ಈ ಕಾಯಿಲೆ ಹೊಸದಾಗಿ ಬರುತ್ತದೆ.

ಓದುಗರು ಗಮನಿಸಿರಬಹುದು, ಮೇಲಿನ ಅಧ್ಯಯನಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕದವು. ಅವನ್ನು ನಮ್ಮ ಮೇಲೆ ಹಾಗೇ ಹೊದಿಸುವುದು ಸರಿಯಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ನಿಯಾಂಡರ್ತಲ್ ಕಥೆ. ಕೋವಿಡ್ ತೀವ್ರಗೊಳಿಸುವ ಮೂರನೆಯ ಕ್ರೋಮೋಸೋಮಿನ ಒಂದು ತುಂಡು ನಿಯಾಂಡರ್ತಲ್ ಮಾನವರಿಂದ ಬಂದದ್ದು, ಅದು ದಕ್ಷಿಣ ಏಷ್ಯಾದ ಅರ್ಧದಷ್ಟು ಜನರಲ್ಲಿದೆ ಎಂದು 2020ರಲ್ಲಿ ಹ್ಯೂಗೋ ಜೆಬರ್ಗ್ ಮತ್ತು ಸ್ವಾಂಟೆ ಪಾಬೊ ಪ್ರಕಟಿಸಿದಾಗ ಪತ್ರಿಕೆಗಳೆಲ್ಲ ಗಾಬರಿಯ ತಲೆಬರಹ ಕೊಟ್ಟವು. ಮರುವರ್ಷ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಜ್ಞಾನೇಶ್ವರ್ ಚೌಬೆ, ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಸಂಗಡಿಗರು ಪರಿಶೀಲಿಸಿ, ಆ ತುಂಡಿಗೂ ದಕ್ಷಿಣ ಏಷ್ಯಾದವರ ಕೋವಿಡ್ ತೀವ್ರತೆಗೂ ಸಂಬಂಧ ಕಾಣುತ್ತಿಲ್ಲ ಎಂದರು.

ಭಾರತದ ಸಮುದಾಯಗಳು ಎಷ್ಟೋ ತಲೆಮಾರು ತಂತಮ್ಮೊಳಗೇ ಮದುವೆಯಾಗುತ್ತ ಬಂದವು. 2017ರಲ್ಲಿ ‘ನೇಚರ್ ಜೆನೆಟಿಕ್ಸ್’ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳ ಪೈಕಿ 81ರಲ್ಲಿ, ಕೆಲವೇ ಪೂರ್ವಜರಿಂದ ಕವಲೊಡೆದ ಗುರುತು ಫಿನ್‌ಲೆಂಡಿನವರಿಗಿಂತಲೂ ಗಾಢವಾಗಿತ್ತು. ಹಾಲಕ್ಕಿ, ಹವ್ಯಕ, ನಾಮಧಾರಿ, ನವಾಯತ, ಖಾರ್ವಿ, ಅಂಬಿಗ, ಸಾರಸ್ವತ ಎಂದು ಕೆಲವೇ ಮೈಲಿಗಳೊಳಗೆ ಇಷ್ಟೊಂದು ಸಮುದಾಯಗಳಿರುವ ಕುಮಟಾ-ಹೊನ್ನಾವರ-ಭಟ್ಕಳದಂಥ ಪ್ರದೇಶಕ್ಕೆ ಇದು ಬಹಳ ಮುಖ್ಯ. ಮುಖ್ಯವಾಗಿ ಎರಡೂ ಪ್ರತಿ ಕೆಟ್ಟಾಗ ತೋರುವ ಐಎಫ್‌ಐಎಚ್1, ಏರ್ ಬಗೆಯ ದೋಷಗಳು ಹತ್ತಿರದ ಸಂಬಂಧದ ಮದುವೆಗಳಲ್ಲಿ ಬೇಗ ಹೊರಬೀಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿ ನಡೆಸಿದ ‘ಜೀನೋಮ್ ಇಂಡಿಯಾ’ ಯೋಜನೆ ದೇಶದ 10,000 ಜನರ ಪೂರ್ಣ ವಂಶವಾಹಿ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಥಂಡಿ-ಜ್ವರ ಯಾರನ್ನು ಮಲಗಿಸುತ್ತದೆ, ಯಾರಿಗೆ ಆಮೇಲೆ ಕೀಲು ಹಿಡಿಯುತ್ತದೆ ಎಂಬ ಪ್ರಶ್ನೆಗಳನ್ನು ನಮ್ಮ ಜನರ ರಕ್ತದಲ್ಲೇ ಕೇಳಲು ಈಗಷ್ಟೇ ಅವಕಾಶ ಬಂದಿದೆ.

ಇದನ್ನೆಲ್ಲ ಓದಿ ಯಾರೂ ದುಡ್ಡು ತೆತ್ತು ವಂಶವಾಹಿ ಪರೀಕ್ಷೆಗೆ ಓಡಬೇಕಿಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಲೂಪಸ್ ಬಂದರೂ ಇನ್ನೊಬ್ಬರಿಗೆ ಬರುವುದು ನಾಲ್ಕರಲ್ಲಿ ಒಂದು ಪಾಲಿನಷ್ಟು ಮಾತ್ರ. ಹಾಗೆಯೇ ತನ್ನದೇ ಕೋಶಗಳ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಲೂಪಸ್ ಎಂದಲ್ಲ, ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುವುದುಂಟು. ಲಕ್ಷಣಗಳನ್ನು ನೋಡಿ ವೈದ್ಯರು ಹೇಳಿದಾಗ ಮಾಡಿಸುವ ಪರೀಕ್ಷೆ ಅದು.

ಉತ್ತರ ಕನ್ನಡದವರಿಗೆ ವೈದ್ಯರ ಬಳಿ ತಲಪುವುದೇ ದೊಡ್ಡ ಪಾಡು. ಸಂಧಿವಾತ ತಜ್ಞರೆಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್ ಬಳಿ ಮಗುಚಿ ಜೀವಗಳು ಹೋದ ಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾಯಿತು. ಅಪಘಾತ, ಹೃದಯಾಘಾತಗಳಿಗೆ ಮಾತ್ರವಲ್ಲ, ವರ್ಷಗಟ್ಟಲೆ ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಔಷಧದ ಬದಲಾವಣೆ ಬೇಕಾಗುವ ಇಂಥ ಕಾಯಿಲೆಗಳಿಗೂ ಅದು ಬೇಕು. ದಿನಗೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ ನೂರಾರು ಕಿಲೋಮೀಟರ್ ಹೋಗಿ ಬರುವುದು ತಪ್ಪಿದರೆ ಎಷ್ಟೋ ಹೆಣ್ಣುಮಕ್ಕಳು ಅರ್ಧಕ್ಕೇ ಮಾತ್ರೆ ಬಿಡುವುದು ತಪ್ಪೀತು.

ಅಲ್ಲಿಯವರೆಗೆ ಮನೆಯವರು ಗಮನಿಸಬೇಕಾದದ್ದು ಇಷ್ಟು. ಜ್ವರ ಬಿಟ್ಟು ಆರು ವಾರವಾದರೂ ಕೈಬೆರಳ ಸಂದುಗಳ ಊತ ಇಳಿಯದಿದ್ದರೆ, ಬೆಳಿಗ್ಗೆ ಎದ್ದಾಗ ಅರ್ಧ-ಮುಕ್ಕಾಲು ಗಂಟೆ ಕೈ ಮಡಚಲಾಗದಿದ್ದರೆ, ಬಿಸಿಲಿಗೆ ಹೋದಾಗ ಕೆನ್ನೆಯಲ್ಲಿ ಕೆಂಪು ಏಳುತ್ತಿದ್ದರೆ ‘ವಾತ’ ಎಂದು ಎಣ್ಣೆ ತಿಕ್ಕಿ ಸುಮ್ಮನಿರಬೇಡಿ. ಚಿಕೂನ್‌ಗುನ್ಯದಿಂದಲೂ ಹೀಗಾಗಬಹುದು, ಅದನ್ನು ಬೇರ್ಪಡಿಸಬೇಕಾದವರು ವೈದ್ಯರು. ಪಾದದಿಂದ ಶುರುವಾಗಿ ಮೇಲಕ್ಕೆ ಬಲ ಕುಂದುತ್ತ ಬಂದರೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾರಿಗಾದರೂ ಲೂಪಸ್, ರುಮಟಾಯ್ಡ್, ಥೈರಾಯ್ಡ್, ಟೈಪ್-1 ಇದ್ದರೆ, ಅಥವಾ ಸಾದಾ ನೆಗಡಿಗೇ ಮಗು ಮತ್ತೆ ಮತ್ತೆ ಆಸ್ಪತ್ರೆ ಸೇರಿದ್ದರೆ ಅದನ್ನು ಬರೆದಿಟ್ಟು ವೈದ್ಯರಿಗೆ ಹೇಳಿ. ಸ್ಟೀರಾಯ್ಡ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಜ್ವರ ಬಂತೆಂದು ತಾವಾಗಿಯೇ ನಿಲ್ಲಿಸಬೇಡಿ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಥಂಡಿ-ಜ್ವರ ಕಳೆದ ಮೇಲೆ ಮಗು ಪದೇ ಪದೇ ನೀರು ಕೇಳುತ್ತಿದ್ದರೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ನಾಳೆಗೆ ಬಿಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ಸಕ್ಕರೆ ಪರೀಕ್ಷೆ ಮಾಡಿಸಿ.